ಅನ್ಯಗ್ರಹದವರು ನಮಗೆ ನೆಂಟರೇ?

ಎಚ್.ಜಿ. ವೆಲ್ಸ್ ಕಾದಂಬರಿಕಾರರಾಗಿ ಹೆಸರು ಮಾಡುವ ಮೊದಲು ವಿಜ್ಞಾನ ಕಲಿಸುವ ಮೇಷ್ಟರಾಗಿದ್ದರು. ಡಾರ್ವಿನ್ನರ ವಿಕಾಸವಾದದ ಪರವಾಗಿ ಗಟ್ಟಿ ದನಿಯಲ್ಲಿ ವಾದಿಸಿದ ಥಾಮಸ್ ಹೆನ್ರಿ ಹಕ್ಸ್‌ಲಿ ಅವರ ತರಗತಿಯಲ್ಲಿ ಕುಳಿತು ಜೀವಶಾಸ್ತ್ರ ಕಲಿತವರು ಅವರು. 1893ರಲ್ಲಿ ಜೀವಶಾಸ್ತ್ರದ ಒಂದು ಪಠ್ಯಪುಸ್ತಕವನ್ನೂ ಬರೆದರು. ಅದೇ ವರ್ಷ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅವರದೊಂದು ತಮಾಷೆಯ ಲೇಖನ ಪ್ರಕಟವಾಯಿತು. ಹತ್ತು ಲಕ್ಷ ವರ್ಷಗಳ ನಂತರ ಮನುಷ್ಯ ಹೇಗಿರುತ್ತಾನೆ ಎನ್ನುವುದು ಅದರ ವಿಷಯ. ಯಂತ್ರಗಳೇ ಎಲ್ಲ ಕೆಲಸ ಮಾಡುವುದರಿಂದ ಕಾಲುಗಳು ಸವೆದುಹೋಗಿರುತ್ತವೆ, ಅಗಿದು ತಿನ್ನುವ ಅಗತ್ಯವಿಲ್ಲದ್ದರಿಂದ ಹಲ್ಲು, ಹೊಟ್ಟೆ ಕರಗಿಹೋಗಿರುತ್ತವೆ, ಉಳಿಯುವುದು ದೊಡ್ಡ ತಲೆ, ದೊಡ್ಡ ಕಣ್ಣು ಮತ್ತು ಕೈ ಮಾತ್ರ ಎಂದು ಅವರು ಚಿತ್ರಿಸಿದ್ದರು.

ಐದು ವರ್ಷಗಳ ನಂತರ, 1898ರಲ್ಲಿ, ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕವಾಗಿ ಬಂತು. ಮಂಗಳ ಗ್ರಹದಿಂದ ಇಂಗ್ಲೆಂಡಿಗೆ ಬಂದಿಳಿದು ಊರುಗಳನ್ನು ಸುಟ್ಟುಹಾಕುವ ಜೀವಿಗಳ ಕಥೆ ಅದು. ಆ ಮಂಗಳವಾಸಿಗಳಿಗೆ ಇರುವುದು ನಾಲ್ಕು ಅಡಿ ಅಗಲದ ದುಂಡನೆಯ ತಲೆ, ಎರಡು ದೊಡ್ಡ ಕಪ್ಪು ಕಣ್ಣು, ಬಾಯಿಯ ಸುತ್ತ ಎಂಟೆಂಟರಂತೆ ಎರಡು ಗೊಂಚಲು ಬಳ್ಳಿಗೈಗಳು. ಹೊಟ್ಟೆ, ಕರುಳು ಯಾವುದೂ ಇಲ್ಲ. ಐದು ವರ್ಷ ಹಿಂದಿನ ಲೇಖನ ಓದಿದವರಿಗೆ ಈ ರೂಪ ಎಲ್ಲೋ ಕಂಡಂತೆ ಅನಿಸಿರಬೇಕು. ವೆಲ್ಸ್ ಅದನ್ನು ಮುಚ್ಚಿಡಲೂ ಇಲ್ಲ. ಕಾದಂಬರಿಯ ನಿರೂಪಕನೇ ಆ ಹಳೆಯ ಲೇಖನವನ್ನು ನೆನಪಿಸಿಕೊಂಡು, ಈ ಮಂಗಳವಾಸಿಗಳ ಪೂರ್ವಜರು ನಮ್ಮಂಥವರೇ ಇದ್ದಿರಬಹುದು, ಮಿದುಳು ಮತ್ತು ಕೈಗಳು ಬೆಳೆಯುತ್ತ ಬೆಳೆಯುತ್ತ ಉಳಿದ ದೇಹ ಕುಗ್ಗಿರಬಹುದು ಎಂದು ಊಹಿಸುತ್ತಾನೆ.

ವೈಜ್ಞಾನಿಕ ಕಥೆಗಳಲ್ಲಿ ಬರುವ ‘ನಮಗಿಂತ ಮುಂದುವರಿದ’ ಜೀವಿಗಳ ಬಗ್ಗೆ ಅಂದು ಎದ್ದ ಆ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಅವರ ಮೂಲವೂ ನಮ್ಮ ಮೂಲವೂ ಒಂದೆಯೆ? ಅವರು ನಮ್ಮ ಅಜ್ಜಂದಿರೆ, ದಾಯಾದಿಗಳೆ, ಮುಂದೆಂದೋ ಹುಟ್ಟಲಿರುವ ಮರಿಮಕ್ಕಳೆ? ಅಥವಾ ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲದೆ, ನೋಡಲು ಮಾತ್ರ ಹಾಗೆ ಕಾಣುತ್ತಾರೆಯೆ? ಸಿನಿಮಾ ನೋಡಿ ಬಂದ ಮಕ್ಕಳು ಇದನ್ನು ಕೇಳಿದರೆ ‘ಅದೆಲ್ಲ ಬರೀ ಕತೆ, ಓದಿಕೋ ಹೋಗು’ ಎಂದು ಅಟ್ಟುವ ಹಿರಿಯರೇ ಹೆಚ್ಚು. ಆದರೆ ಈ ಕತೆಯನ್ನು ಸರಿಯಾಗಿ ಹಿಡಿದು ಜಗ್ಗಿದರೆ ಹತ್ತನೇ ತರಗತಿಯ ಜೀವಶಾಸ್ತ್ರದ ಅರ್ಧ ಪುಸ್ತಕ ಅದರ ಹಿಂದೆಯೇ ಬರುತ್ತದೆ.

ಕಾಪಿ ಹೊಡೆದವರ ಪತ್ತೆ

ನೆಂಟಸ್ತನವನ್ನು ಗುರುತಿಸುವುದು ಹೇಗೆ? ಉತ್ತರಪತ್ರಿಕೆ ತಿದ್ದುವ ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ. ಇಬ್ಬರು ಹುಡುಗರು ಒಂದು ಲೆಕ್ಕಕ್ಕೆ 42 ಎಂಬ ಸರಿ ಉತ್ತರ ಬರೆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಇಬ್ಬರೂ ಓದಿಕೊಂಡು ಬಂದಿರಬಹುದು. ಆದರೆ ಇಬ್ಬರೂ ನಾಲ್ಕನೇ ಸಾಲಿನಲ್ಲಿ ಒಂದೇ ಕಡೆ ಕೂಡುವ ಚಿಹ್ನೆಯ ಬದಲು ಕಳೆಯುವ ಚಿಹ್ನೆ ಹಾಕಿ, ಒಂದೇ ತಪ್ಪು ಉತ್ತರಕ್ಕೆ ಬಂದಿದ್ದರೆ? ಆಗ ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿದ್ದಾನೆ, ಇಲ್ಲವೆ ಇಬ್ಬರೂ ಮೂರನೆಯವನನ್ನು ನೋಡಿ ಬರೆದಿದ್ದಾರೆ.

ಜೀವಲೋಕದಲ್ಲೂ ಇದೇ ಲೆಕ್ಕ. ಶಾರ್ಕ್ ಮೀನಿಗೂ ಡಾಲ್ಫಿನ್ನಿಗೂ ಒಂದೇ ಬಗೆಯ ಮೈಕಟ್ಟು. ಒಂದು ಮೀನು, ಇನ್ನೊಂದು ಮೊಲೆಯೂಡುವ ಪ್ರಾಣಿ. ನೀರನ್ನು ಸೀಳಿಕೊಂಡು ವೇಗವಾಗಿ ಹೋಗಬೇಕಾದರೆ ಆ ಆಕಾರವೇ ಸರಿ ಉತ್ತರ. ಇಬ್ಬರೂ ಬೇರೆ ಬೇರೆಯಾಗಿ ಆ ಉತ್ತರ ಕಂಡುಕೊಂಡರು. ಆಕ್ಟೋಪಸ್ಸಿನ ಕಣ್ಣು ನಮ್ಮ ಕಣ್ಣಿನ ಹಾಗೆಯೇ ಮಸೂರ, ಅಕ್ಷಿಪಟಲಗಳಿಂದ ಕೂಡಿದೆ. ಆದರೆ ನಮ್ಮ ಕಣ್ಣಿನಲ್ಲಿ ನರಗಳು ಅಕ್ಷಿಪಟಲದ ಮುಂದೆ ಹಾಯ್ದು, ಒಂದು ತೂತಿನ ಮೂಲಕ ಹಿಂದಕ್ಕೆ ಹೋಗುತ್ತವೆ. ಆ ಜಾಗದಲ್ಲಿ ನಮಗೆ ಏನೂ ಕಾಣುವುದಿಲ್ಲ, ಅದೇ ಅಂಧಬಿಂದು. ಆಕ್ಟೋಪಸ್ಸಿನಲ್ಲಿ ನರಗಳು ಹಿಂದಿನಿಂದಲೇ ಹೊರಡುವುದರಿಂದ ಅಂಧಬಿಂದುವೇ ಇಲ್ಲ. ಉತ್ತರ ಒಂದೇ, ಆದರೆ ನಮ್ಮ ತಪ್ಪು ಅದರ ಬಳಿ ಇಲ್ಲ. ಹಾಗಾಗಿ ಅದು ನಮ್ಮಿಂದ ಈ ಕಣ್ಣನ್ನು ‘ಕಾಪಿ’ ಮಾಡಿಲ್ಲ ಎಂದು ತಿಳಿಯುತ್ತದೆ.

ಈಗ ತಪ್ಪು ಒಂದೇ ಆಗಿರುವ ಉದಾಹರಣೆ. ನಾಯಿ, ಹಸು ಮುಂತಾದ ಬಹುತೇಕ ಸಸ್ತನಿಗಳು ‘ಸಿ’ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಅವುಗಳಿಗೆ ನಿಂಬೆಹಣ್ಣು, ನೆಲ್ಲಿಕಾಯಿಯ ಹಂಗಿಲ್ಲ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಅದನ್ನು ತಯಾರಿಸುವ ಜೀನ್ ನಮ್ಮಲ್ಲೂ ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ ಅದೇ ಜೀನ್ ಮುರಿದುಬಿದ್ದಿದೆ, ಗೊರಿಲ್ಲಾದಲ್ಲೂ ಅಷ್ಟೇ. ಇನ್ನೂ ಒಂದಿದೆ. ವಾನರರಿಗೆ 48 ವರ್ಣತಂತುಗಳು, ನಮಗೆ 46. ಎಲ್ಲಿ ಹೋಯಿತು ಒಂದು ಜೊತೆ? ನಮ್ಮ ಎರಡನೆಯ ವರ್ಣತಂತುವನ್ನು ಪರೀಕ್ಷಿಸಿದರೆ, ವಾನರರ ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡ ಗುರುತು ಈಗಲೂ ಅಲ್ಲಿದೆ. ಮನುಷ್ಯ ಈ ಭೂಮಿಯ ಮನೆಮಗ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಡ. ಈ ದಾಖಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಥೆಗಾರರ ಬಳಿ ಹೋಗಬೇಕು.

ಊಟದ ಪರೀಕ್ಷೆ

ವೆಲ್ಸ್ ಅವರ ಮಂಗಳವಾಸಿಗಳು ಮನುಷ್ಯರನ್ನು ಹಿಡಿದು, ಅವರ ರಕ್ತವನ್ನು ನೇರವಾಗಿ ತಮ್ಮ ನಾಳಗಳಿಗೆ ಹರಿಸಿಕೊಂಡು ಬದುಕುತ್ತಾರೆ. ಕೊನೆಗೆ ಅವರನ್ನು ಕೊಲ್ಲುವುದು ಫಿರಂಗಿಯಲ್ಲ, ಭೂಮಿಯ ಬ್ಯಾಕ್ಟೀರಿಯಾ. ಮಂಗಳದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲದ್ದರಿಂದ ಅವರ ಮೈಗೆ ರೋಗನಿರೋಧಕ ಶಕ್ತಿ ಇರುವುದಿಲ್ಲ, ಕೊಳೆತು ಸಾಯುತ್ತಾರೆ. ಕಥೆಗೆ ಇದು ಅದ್ಭುತವಾದ ಮುಕ್ತಾಯ. ಆದರೆ ಪಾಠ ಮಾಡುವ ಮೇಷ್ಟರು ಇಲ್ಲಿ ಒಂದು ಕೆಂಪುಗೆರೆ ಎಳೆಯಲೇಬೇಕು.

ಊಟ ಜೀರ್ಣವಾಗುವುದೆಂದರೆ ಕೀಲಿಗೆ ಬೀಗ ಹೊಂದಿದಂತೆ. ನಮ್ಮ ಕಿಣ್ವಗಳು ನಿರ್ದಿಷ್ಟ ಆಕಾರದ ಅಣುಗಳನ್ನು ಮಾತ್ರ ಒಡೆಯಬಲ್ಲವು. ಪ್ರೋಟೀನುಗಳ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿಗೆ ಎಡಗೈ, ಬಲಗೈಯಂತೆ ಎರಡು ರೂಪಗಳಿರುತ್ತವೆ. ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬ. ಪ್ರಯೋಗಶಾಲೆಯಲ್ಲಿ ತಯಾರಿಸಿದರೆ ಎರಡೂ ಸಮಸಮ ಬರುತ್ತವೆ. ಆದರೆ ಭೂಮಿಯ ಜೀವಿಗಳು ತಮ್ಮ ಪ್ರೋಟೀನು ಕಟ್ಟುವುದು ಎಡಗೈ ಇಟ್ಟಿಗೆಗಳಿಂದಲೇ. ಸಕ್ಕರೆಯ ವಿಷಯದಲ್ಲಿ ಇದು ತಿರುವುಮುರುವು: ನಮಗೆ ಬಲಗೈ ಗ್ಲೂಕೋಸ್ ಬೇಕು. ಎಡಗೈ ಗ್ಲೂಕೋಸನ್ನು ತಯಾರಿಸಿ ನಾಲಿಗೆಯ ಮೇಲಿಟ್ಟರೆ ಸಿಹಿಯೇನೋ ಹತ್ತುತ್ತದೆ, ಆದರೆ ದೇಹಕ್ಕೆ ಅದರಿಂದ ಕಿಂಚಿತ್ತೂ ಶಕ್ತಿ ಸಿಗದು. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕಿದಂತೆ.

ಹಾಗಾದರೆ ಮಂಗಳವಾಸಿಗೆ ನಮ್ಮ ರಕ್ತ ಒಗ್ಗಿತು, ನಮ್ಮ ಬ್ಯಾಕ್ಟೀರಿಯಾಕ್ಕೆ ಮಂಗಳವಾಸಿಯ ಮಾಂಸ ಒಗ್ಗಿತು ಎಂದರೆ ಏನರ್ಥ? ಇಬ್ಬರ ಇಟ್ಟಿಗೆಗಳೂ ಒಂದೇ ಗೂಡಿನವು ಎಂದರ್ಥ. ವೆಲ್ಸ್ ತಮಗರಿವಿಲ್ಲದೆಯೇ ಮಂಗಳವಾಸಿಗಳನ್ನು ನಮ್ಮ ದೂರದ ನೆಂಟರನ್ನಾಗಿ ಮಾಡಿಬಿಟ್ಟಿದ್ದಾರೆ. 1898ರಲ್ಲಿ ಪ್ರೋಟೀನಿನ ರಚನೆಯಾಗಲಿ ಡಿ.ಎನ್.ಎ.ಯ ಕೆಲಸವಾಗಲಿ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಅವರ ತಪ್ಪೆನ್ನಲಾಗದು. ನೂರಾರು ಸಿನಿಮಾಗಳಲ್ಲಿ ಮನುಷ್ಯರನ್ನು ತಿನ್ನಲೆಂದೇ ಕೋಟ್ಯಂತರ ಕಿಲೋಮೀಟರ್ ದಾಟಿ ಬರುವ ರಾಕ್ಷಸಾಕಾರದ ಜೀವಿಗಳಿಗೆ ಆ ರಿಯಾಯಿತಿ ಕೊಡಬೇಕಿಲ್ಲ. ಅಷ್ಟು ದೂರ ಬಂದು ಊಟ ಮಾಡಿ ಹೊಟ್ಟೆನೋವು ತಂದುಕೊಳ್ಳುವವರು ಮುಂದುವರಿದವರು ಹೇಗಾದಾರು?

ಸ್ಪಾಕ್‌ನ ಕಿವಿ

1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಈ ನೆಂಟಸ್ತನ ಇನ್ನೂ ಗಟ್ಟಿ. ಅಲ್ಲಿನ ಸ್ಪಾಕ್ ಎಂಬ ಅಧಿಕಾರಿಯ ತಂದೆ ವಲ್ಕನ್ ಗ್ರಹದವನು, ತಾಯಿ ಭೂಮಿಯ ಹೆಂಗಸು. ಚೂಪು ಕಿವಿ, ಏರಿದ ಹುಬ್ಬು, ಹಸಿರು ರಕ್ತ, ಉಳಿದಂತೆ ನಮ್ಮವನೇ. ಗ್ರಹದಿಂದ ಗ್ರಹಕ್ಕೆ ಹೋದಂತೆ ಹಣೆಯ ಮೇಲೆ ಒಂದು ಗೆರೆ, ಮೂಗಿನ ಮೇಲೆ ಒಂದು ಮಡಿಕೆ ಬದಲಾಗುತ್ತದೆಯೇ ಹೊರತು ಎರಡು ಕಾಲು, ಎರಡು ಕೈ, ಒಂದು ತಲೆ ಎಲ್ಲೆಡೆಯೂ ಖಾಯಂ. ಇದಕ್ಕೆ ಮುಖ್ಯ ಕಾರಣ ವಿಕಾಸವಾದವಲ್ಲ, ಖರ್ಚುವೆಚ್ಚ. ವಾರವಾರ ಹೊಸ ಕಂತು ತಯಾರಿಸಬೇಕು, ವೇಷ ತೊಡುವವರು ಮನುಷ್ಯರೇ ಆಗಬೇಕು. ರಬ್ಬರಿನ ಕಿವಿ ಅಂಟಿಸುವುದು ಅಗ್ಗ. ನಮ್ಮ ಬಯಲಾಟದಲ್ಲೂ ದೇವರಿಗೂ ದೈತ್ಯನಿಗೂ ವ್ಯತ್ಯಾಸ ಬಣ್ಣ ಕಿರೀಟಗಳದ್ದೇ ಅಲ್ಲವೆ?

ಆದರೆ ನೋಡುಗರು ಪ್ರಶ್ನೆ ಕೇಳತೊಡಗಿದಾಗ ಕಥೆಗಾರರು ಕಾರಣ ಹುಡುಕಬೇಕಾಯಿತು. 1993ರಲ್ಲಿ ಪ್ರಸಾರವಾದ ‘ದಿ ಚೇಸ್’ ಎಂಬ ಕಂತಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಬೇರೆ ಬೇರೆ ಗ್ರಹಗಳ ಜೀವಿಗಳ ಡಿ.ಎನ್.ಎ. ತುಣುಕುಗಳನ್ನು ಒಟ್ಟುಗೂಡಿಸಿದಾಗ ಅದರೊಳಗೊಂದು ಗುಪ್ತ ಸಂದೇಶ ತೆರೆದುಕೊಳ್ಳುತ್ತದೆ. ಸುಮಾರು 400 ಕೋಟಿ ವರ್ಷ ಹಿಂದೆ ಒಂದೇ ಒಂದು ಮುಂದುವರಿದ ಜನಾಂಗವಿತ್ತು. ಅವರು ನಕ್ಷತ್ರಲೋಕವನ್ನೆಲ್ಲ ಸುತ್ತಿದರೂ ತಮ್ಮಂಥ ಇನ್ನೊಬ್ಬರು ಸಿಗಲಿಲ್ಲ. ಕೊನೆಗೆ ಎಳೆಯ ಗ್ರಹಗಳ ಕಡಲುಗಳಲ್ಲಿ ತಮ್ಮ ಬೀಜ ಬಿತ್ತಿ ಅಳಿದುಹೋದರು. ಆ ಬೆಳೆಯೇ ಮನುಷ್ಯರು, ಕ್ಲಿಂಗನ್ನರು, ರೋಮ್ಯುಲನ್ನರು, ಎಲ್ಲರೂ. ಯುದ್ಧಕ್ಕೆ ನಿಂತ ಪಂಗಡಗಳೆಲ್ಲ ತಾವು ಒಂದೇ ಮನೆಯವರೆಂದು ಕೇಳಿ ಪೆಚ್ಚಾಗಿ ನಿಲ್ಲುವ ಆ ದೃಶ್ಯ ಚೆನ್ನಾಗಿದೆ.

ವಿಜ್ಞಾನ ಚೆನ್ನಾಗಿಲ್ಲ. ಬಿತ್ತಿದ್ದು ಏಕಕೋಶದ ಬೀಜವಾದರೆ, 400 ಕೋಟಿ ವರ್ಷಗಳ ನಂತರ ಅದು ಎರಡು ಕಾಲಿನ ಮೇಲೆಯೇ ಎದ್ದು ನಿಲ್ಲಬೇಕೆಂದು ಯಾರು ಹೇಳಿಕೊಟ್ಟರು? ವಿಕಾಸಕ್ಕೆ ತಲುಪಬೇಕಾದ ಊರಿನ ಹೆಸರು ಗೊತ್ತಿರುವುದಿಲ್ಲ. ಬಳಕೆಗೆ ಬಾರದ ಸಂದೇಶ ಡಿ.ಎನ್.ಎ.ಯಲ್ಲಿ ಅಷ್ಟು ಕಾಲ ಉಳಿಯುವುದಿಲ್ಲ, ತಪ್ಪುಗಳು ಸೇರಿ ಸೇರಿ ಅಳಿಸಿಹೋಗುತ್ತದೆ. ನಮ್ಮ ನಾಲ್ಕು ಅವಯವಗಳೂ ಸುಮಾರು 37 ಕೋಟಿ ವರ್ಷ ಹಿಂದಿನ ಕೆಲವು ಮೀನುಗಳಿಂದ ಬಂದ ಆಸ್ತಿ. ಆ ಮೀನುಗಳಿಗೆ ಆರು ರೆಕ್ಕೆಗಳಿದ್ದಿದ್ದರೆ ಇಂದು ಕಪ್ಪೆಗೂ ಆರು ಕಾಲು, ಕುದುರೆಗೂ ಆರು, ನಮಗೂ ಆರು ಅವಯವ. ಇನ್ನು ಸ್ಪಾಕ್‌ನ ಜನನದ ಮಾತು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಯೇ ಸಾಮಾನ್ಯವಾಗಿ ಬಂಜೆ. ಅವೆರಡೂ ಹತ್ತಿರದ ಬಳಗದ ಪ್ರಾಣಿಗಳು. ನಮ್ಮ ಹಿತ್ತಿಲಿನ ತೆಂಗಿನಮರದ ಜೀವಕೋಶದಲ್ಲಿರುವುದೂ ನಮ್ಮ ಜೀವಕೋಶದಲ್ಲಿರುವುದೂ ಒಂದೇ ಆನುವಂಶಿಕ ಲಿಪಿ. ಬೇರೆಯೇ ಮೂಲದಿಂದ ಬಂದ ವಲ್ಕನ್ನನಿಗಿಂತ ತೆಂಗಿನಮರವೇ ಮನುಷ್ಯನಿಗೆ ಹತ್ತಿರದ ಸಂಬಂಧಿ.

ಅಜ್ಜಂದಿರು ಬಂದ ಕಥೆ

ಲ್ಯಾರಿ ನಿವೆನ್ ಅವರ ‘ಪ್ರೊಟೆಕ್ಟರ್’ (1973) ಕಾದಂಬರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಪ್ರಕಾರ ಆದಿಮಾನವನೇ ಹೊರಗಿನಿಂದ ಬಂದವನು. ಆಕಾಶಗಂಗೆಯ ನಡುಭಾಗದಿಂದ ಬಂದ ಪಾಕ್ ಎಂಬ ಜನಾಂಗದ ಮರಿಗಳು ಇಲ್ಲಿ ದಿಕ್ಕಿಲ್ಲದೆ ಉಳಿದು ನಾವಾದೆವು. ಕಥೆಯನ್ನು ಒಮ್ಮೆ ಹಿಡಿದರೆ ಕೆಳಗಿಡಲಾಗದು. ಆದರೆ ಚಿಂಪಾಂಜಿಯ ಮುರಿದ ಜೀನ್ ನಮ್ಮಲ್ಲಿ ಹೇಗೆ ಬಂತು ಎಂಬ ಪ್ರಶ್ನೆಯೆದುರು ಅದು ನಿಲ್ಲುವುದಿಲ್ಲ.

ಅರ್ಸುಲಾ ಲೆ ಗ್ವಿನ್ ಅವರ ಕಾದಂಬರಿಗಳಲ್ಲೂ ಇಂಥದೇ ಏರ್ಪಾಡು. ಹೇನ್ ಎಂಬ ಗ್ರಹದ ಪುರಾತನ ಜನ ಅನೇಕ ಲೋಕಗಳಲ್ಲಿ ನೆಲೆಸಿದರು, ಭೂಮಿಯೂ ಅವುಗಳಲ್ಲೊಂದು. ಜೀವಶಾಸ್ತ್ರದ ದೃಷ್ಟಿಯಿಂದ ಇದೂ ನಿವೆನ್ ಅವರ ದೋಣಿಯಲ್ಲೇ ಮುಳುಗುತ್ತದೆ. ಆದರೂ ಲೆ ಗ್ವಿನ್ ಅವರನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವರ ತಂದೆ ಆಲ್‌ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು. ಬೇರೆ ಬೇರೆ ಬುಡಕಟ್ಟುಗಳ ನಡೆನುಡಿಗಳ ಮಾತನ್ನು ಕೇಳುತ್ತಲೇ ಬೆಳೆದವರು ಮಗಳು. ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯಲ್ಲಿ ಒಂದು ಹಿಮಗ್ರಹವಿದೆ. ಅಲ್ಲಿನ ಜನ ಖಾಯಂ ಗಂಡಸರೂ ಅಲ್ಲ, ಹೆಂಗಸರೂ ಅಲ್ಲ. ತಿಂಗಳಲ್ಲಿ ಕೆಲವೇ ದಿನ ಆ ವ್ಯತ್ಯಾಸ ತಲೆದೋರುತ್ತದೆ. ಉಳಿದೆಲ್ಲ ರೀತಿಯಲ್ಲಿ ನಮ್ಮಂತೆಯೇ ಇದ್ದು, ಈ ಒಂದೇ ವಿಷಯ ಬದಲಾದರೆ ಸಮಾಜ ಹೇಗಿದ್ದೀತು ಎನ್ನುವುದು ಅವರ ಪ್ರಶ್ನೆ. ಪ್ರಯೋಗಶಾಲೆಯಲ್ಲಿ ಒಂದು ಚರಾಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಸ್ಥಿರವಾಗಿಡುವ ಕ್ರಮವಿದು. ಅಂಥ ಪ್ರಯೋಗಕ್ಕೆ ಒಂದೇ ಮೂಲದ ಜೀವಿಗಳೇ ಬೇಕು. ಪೂರ್ತಿ ಅಪರಿಚಿತನನ್ನು ತಂದು ನಿಲ್ಲಿಸಿದರೆ ಹೋಲಿಸುವುದಾದರೂ ಯಾವುದನ್ನು?

ಕಥೆ ಕಥೆಯಾಗಿರುವವರೆಗೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅದನ್ನು ಚರಿತ್ರೆಯೆಂದು ಮಾರಿದಾಗ. 1968ರಲ್ಲಿ ಎರಿಕ್ ಫಾನ್ ಡಾನಿಕೆನ್ ಎಂಬ ಸ್ವಿಸ್ ಲೇಖಕರು ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಪ್ರಾಚೀನರು ದೇವರೆಂದು ಪೂಜಿಸಿದ್ದು ಬಾಹ್ಯಾಕಾಶದಿಂದ ಬಂದ ಯಾತ್ರಿಕರನ್ನು, ಪಿರಮಿಡ್ಡಿನಂಥ ಅದ್ಭುತಗಳ ಹಿಂದೆ ಅವರ ಕೈವಾಡವಿದೆ ಎಂಬ ಅವರ ವಾದ ಲಕ್ಷಾಂತರ ಪ್ರತಿಗಳಲ್ಲಿ ಜಗತ್ತನ್ನು ಸುತ್ತಿತು. ಮನುಷ್ಯನನ್ನೇ ಅವರು ತಿದ್ದಿ ತಯಾರಿಸಿದರು ಎನ್ನುವ ಮಾತೂ ಜೊತೆಗೆ ಸೇರಿಕೊಂಡಿತು. ಇಂದು ಅದೇ ಮಾತು ಮೊಬೈಲಿನ ವಿಡಿಯೋಗಳಲ್ಲಿ, ಹಿನ್ನೆಲೆ ಸಂಗೀತದೊಂದಿಗೆ, ಮಕ್ಕಳ ಕೈಗೆ ಬರುತ್ತಿದೆ. ಪಿರಮಿಡ್ಡು ಕಟ್ಟಿದ ಈಜಿಪ್ಟಿನ ಕೂಲಿಗಳ ಊರು, ಅವರ ರೊಟ್ಟಿಯ ಒಲೆಗಳು, ಅವರ ಗೋರಿಗಳು ಗೀಜಾದಲ್ಲಿ ಅಗೆದಾಗ ಸಿಕ್ಕಿವೆ. ಕಲ್ಲು ಸಾಗಿಸಿದ ತಂಡವೊಂದರ ಮೇಸ್ತ್ರಿ ಬರೆದಿಟ್ಟ ದಿನಚರಿಯ ಪಪೈರಸ್ ಹಾಳೆಗಳು 2013ರಲ್ಲಿ ಕೆಂಪು ಸಮುದ್ರದ ದಡದಲ್ಲಿ ಸಿಕ್ಕಿವೆ. ಬೆವರು ಸುರಿಸಿದವರ ಹೆಸರನ್ನು ಕಿತ್ತು ಆಕಾಶದಿಂದ ಬಂದವರಿಗೆ ಕೊಡುವುದು ಅನ್ಯಾಯವೂ ಹೌದು. ಇಂಥ ವಿಡಿಯೋ ನೋಡಿ ಬಂದ ಹುಡುಗನನ್ನು ಗದರಿಸುವುದಕ್ಕಿಂತ ‘ಸಿ’ ಜೀವಸತ್ವದ ಜೀನ್ ಬಗ್ಗೆ ಕೇಳುವುದು ವಾಸಿ.

ಬೀಜ ಬಂದಿರಬಹುದೆ?

ಹಾಗೆಂದು ಬೀಜ ಬಿತ್ತಿದ ಕಥೆಯನ್ನು ವಿಜ್ಞಾನಿಗಳು ಪೂರಾ ನಕ್ಕು ಬಿಟ್ಟಿಲ್ಲ. ಡಿ.ಎನ್.ಎ.ಯ ರಚನೆಯನ್ನು 1953ರಲ್ಲಿ ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಲೆಸ್ಲಿ ಆರ್ಗೆಲ್ ಅವರೊಂದಿಗೆ ಸೇರಿ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬೇರೆ ನಕ್ಷತ್ರದ ಬಳಿಯ ಮುಂದುವರಿದ ಜನಾಂಗವೊಂದು ಬೇಕೆಂದೇ ಸೂಕ್ಷ್ಮಜೀವಿಗಳನ್ನು ನೌಕೆಯಲ್ಲಿ ತುಂಬಿ ಭೂಮಿಗೆ ಕಳಿಸಿರಬಹುದೆ ಎಂದು ಅದರಲ್ಲಿ ಚರ್ಚಿಸಿದರು. ಬ್ಯಾಕ್ಟೀರಿಯಾದಿಂದ ಆನೆಯವರೆಗೆ ಎಲ್ಲ ಜೀವಿಗಳಲ್ಲೂ ಆನುವಂಶಿಕ ಲಿಪಿ ಹೆಚ್ಚುಕಡಿಮೆ ಒಂದೇ ಆಗಿರುವುದು ಏಕೆ ಎನ್ನುವುದು ಅವರನ್ನು ಕಾಡಿದ ಪ್ರಶ್ನೆ. ಅವರು ಇದನ್ನು ಸಿದ್ಧಾಂತವೆಂದು ಹಟ ಹಿಡಿಯಲಿಲ್ಲ, ಸಾಧ್ಯತೆಯೆಂದಷ್ಟೇ ಮುಂದಿಟ್ಟರು. ಗಮನಿಸಬೇಕಾದದ್ದು, ಅವರ ನೌಕೆಯಲ್ಲಿ ಇದ್ದದ್ದು ಸೂಕ್ಷ್ಮಜೀವಿ ಮಾತ್ರ. ಅಲ್ಲಿಂದ ಮುಂದೆ ಮೀನಾಗುವುದೋ ಮರವಾಗುವುದೋ ಭೂಮಿಯ ಪಾಲಿಗೆ ಬಿಟ್ಟದ್ದು.

ಫ್ರೆಡ್ ಹಾಯ್ಲ್ ಮತ್ತು ಚಂದ್ರ ವಿಕ್ರಮಸಿಂಘೆ ಅವರ ವಾದದಲ್ಲಿ ನೌಕೆಯೂ ಬೇಕಿರಲಿಲ್ಲ. ಧೂಮಕೇತುಗಳೇ ಸೂಕ್ಷ್ಮಜೀವಿಗಳನ್ನು ಹೊತ್ತು ತಂದು ಉದುರಿಸುತ್ತವೆ ಎಂದರು ಅವರು. ಬಹುಪಾಲು ವಿಜ್ಞಾನಿಗಳು ಒಪ್ಪಲಿಲ್ಲ. ಹಾಯ್ಲ್ ಅವರ ಶಿಷ್ಯರಾದ ನಮ್ಮ ಜಯಂತ ನಾರ್ಳೀಕರ್ ಮಾತ್ರ ‘ಒಪ್ಪುವುದೂ ಬಿಡುವುದೂ ಆಮೇಲೆ, ಮೊದಲು ಪರೀಕ್ಷೆ ಮಾಡೋಣ’ ಎನ್ನುವ ದಾರಿ ಹಿಡಿದರು. ಇಸ್ರೋ ನೆರವಿನಿಂದ 2001ರಲ್ಲಿ, ಮತ್ತೆ 2005ರಲ್ಲಿ, ಹೈದರಾಬಾದಿನಿಂದ ದೊಡ್ಡ ಬಲೂನುಗಳನ್ನು ಹಾರಿಸಿ 20 ಕಿಲೋಮೀಟರಿಗೂ ಮೇಲಿನ ಗಾಳಿಯನ್ನು ಮುಚ್ಚಿದ ಕೊಳವೆಗಳಲ್ಲಿ ಹಿಡಿದು ತರಲಾಯಿತು. ಎರಡನೆಯ ಸಲ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಮೂರು ಹೊಸ ಪ್ರಭೇದಗಳಿದ್ದವು. 2009ರಲ್ಲಿ ಇಸ್ರೋ ಅವನ್ನು ಪ್ರಕಟಿಸಿದಾಗ ಒಂದಕ್ಕೆ ಹಾಯ್ಲ್ ಅವರ ಹೆಸರು, ಇನ್ನೊಂದಕ್ಕೆ ಇಸ್ರೋ ಹೆಸರು, ಮೂರನೆಯದಕ್ಕೆ ಆರ್ಯಭಟನ ಹೆಸರು. ಹೊರಗಿನಿಂದ ಬಂದವೆ? ಹಾಗೆಂದು ಸಿದ್ಧವಾಗಿಲ್ಲ ಎಂದೇ ಇಸ್ರೋ ಹೇಳಿತು. ಮೂರೂ ಭೂಮಿಯ ಬ್ಯಾಕ್ಟೀರಿಯಾಗಳ ಬಳಗಕ್ಕೇ ಸೇರುವಂಥವು. ನೆಲದ ಧೂಳೇ ಅಷ್ಟು ಎತ್ತರಕ್ಕೆ ಏರಿರಬಹುದು. ವೈಜ್ಞಾನಿಕ ಕಥೆಗಳನ್ನೂ ಬರೆದ ನಾರ್ಳೀಕರ್ 2025ರಲ್ಲಿ ತೀರಿಕೊಂಡರು.

ಇತ್ತೀಚಿನ ಸಂಗತಿಯೊಂದಿದೆ. ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ನಾಸಾ ನೌಕೆ 2023ರಲ್ಲಿ ಭೂಮಿಗೆ ತಂದಿತು. 2025ರ ಜನವರಿಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವು. ಡಿ.ಎನ್.ಎ., ಆರ್.ಎನ್.ಎ.ಗಳ ಐದೂ ಅಕ್ಷರಗಳಿದ್ದವು. ಅಂದರೆ ಇಟ್ಟಿಗೆ, ಗಾರೆ ಆಕಾಶದಲ್ಲೆಲ್ಲ ಧಾರಾಳವಾಗಿವೆ. ಆದರೆ ಆ ಅಮೈನೋ ಆಮ್ಲಗಳಲ್ಲಿ ಎಡಗೈ ಬಲಗೈಗಳು ಹೆಚ್ಚುಕಡಿಮೆ ಸಮಸಮ ಇದ್ದವು. ಮನೆ ಕಟ್ಟಿದ ಗುರುತು ಅಲ್ಲಿರಲಿಲ್ಲ.

ಬರೀ ಸರಿ ಉತ್ತರವೆ?

ಸಂಬಂಧವೇ ಇಲ್ಲದೆಯೂ ಅವರು ನಮ್ಮಂತೆ ಕಾಣಬಹುದು ಎನ್ನುವ ಪಕ್ಷವೂ ಬಲವಾಗಿದೆ. ಬ್ರಿಟಿಷ್ ಪ್ರಾಗ್ಜೀವಿ ವಿಜ್ಞಾನಿ ಸೈಮನ್ ಕಾನ್ವೇ ಮಾರಿಸ್ ಅವರ ವಾದವಿದು. ಪ್ರಕೃತಿಯ ಪ್ರಶ್ನೆಪತ್ರಿಕೆಯಲ್ಲಿ ಸರಿ ಉತ್ತರಗಳು ಕೆಲವೇ, ಹಾಗಾಗಿ ಬುದ್ಧಿ, ಕಣ್ಣು, ಕೈಯಂಥವು ಮತ್ತೆ ಮತ್ತೆ ವಿಕಾಸಗೊಳ್ಳುತ್ತವೆ ಎನ್ನುತ್ತಾರೆ ಅವರು. ಆಸ್ಟ್ರೇಲಿಯಾದ ಹೊಟ್ಟೆಚೀಲದ ಪ್ರಾಣಿಯಾದ ಟಾಸ್ಮೇನಿಯನ್ ತೋಳದ ತಲೆಬುರುಡೆ ನಮ್ಮ ತೋಳದ ಬುರುಡೆಯನ್ನು ಎಷ್ಟು ಹೋಲುತ್ತದೆಂದರೆ ವಿದ್ಯಾರ್ಥಿಗಳು ಮೋಸಹೋಗುತ್ತಾರೆ. ಪಾಪ, ಆ ಪ್ರಾಣಿಯ ಕೊನೆಯ ಪ್ರತಿನಿಧಿ 1936ರಲ್ಲಿ ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. ಅಮೆರಿಕದ ಸ್ಟೀಫನ್ ಜೇ ಗೂಲ್ಡ್ ಅವರದು ಇದಕ್ಕೆ ತದ್ವಿರುದ್ಧ ನಿಲುವು. ಜೀವವಿಕಾಸದ ಟೇಪನ್ನು ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರೆ ಅದೇ ಹಾಡು ಬರುವುದಿಲ್ಲ, ಮನುಷ್ಯನಂತೂ ಬರಲಾರ ಎಂದು 1989ರ ತಮ್ಮ ಪುಸ್ತಕದಲ್ಲಿ ವಾದಿಸಿದರು. 6.6 ಕೋಟಿ ವರ್ಷ ಹಿಂದೆ ಆ ಕ್ಷುದ್ರಗ್ರಹ ಭೂಮಿಗೆ ಬಡಿಯದೆ ಪಕ್ಕದಲ್ಲಿ ಹಾದುಹೋಗಿದ್ದರೆ ಡೈನೋಸಾರುಗಳ ಕಾಲಸಂದಿಯಲ್ಲಿ ನಮ್ಮ ಇಲಿಯಂಥ ಪೂರ್ವಜರು ಇನ್ನೂ ಅಡಗಿಕೊಂಡೇ ಇರುತ್ತಿದ್ದರೇನೋ.

ಹಾಗೆ ಹಾದುಹೋಗಿದ್ದರೆ ಏನಾಗುತ್ತಿತ್ತೆಂದು ಕೆನಡಾದ ಡೇಲ್ ರಸೆಲ್ 1982ರಲ್ಲಿ ಒಂದು ಮಾದರಿಯನ್ನೇ ಮಾಡಿಸಿದರು. ದೊಡ್ಡ ಮಿದುಳಿನ ಪುಟ್ಟ ಡೈನೋಸಾರೊಂದು ವಿಕಾಸಗೊಂಡು ಬುದ್ಧಿವಂತನಾದ ರೂಪವದು: ನೆಟ್ಟಗೆ ನಿಂತ ಮೈ, ಬಾಲವಿಲ್ಲ, ದೊಡ್ಡ ಕಣ್ಣು, ದುಂಡು ತಲೆ. ಹಸಿರು ಬಣ್ಣ ಬಳಿದ ಮನುಷ್ಯನೇ ಸರಿ! ಡೈನೋಸಾರಿಗೆ ಬುದ್ಧಿ ಬಂದರೆ ಅದು ನಮ್ಮ ಆಕಾರವನ್ನೇ ಏಕೆ ತಾಳಬೇಕೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ಬುದ್ಧಿವಂತ ಹಕ್ಕಿಯಾದ ಕಾಗೆಗೆ ಜಾಣತನವೇನು ಕಡಿಮೆಯೆ? ಅದು ಕಾಗೆಯ ಆಕಾರದಲ್ಲೇ ಇದೆ.

ಈ ವಾದದಲ್ಲಿ ಗೂಲ್ಡ್ ಅವರ ಪಕ್ಷವೇ ತೂಕದ್ದೆನಿಸುತ್ತದೆ. ಕಣ್ಣು, ವೇಗ, ಬುದ್ಧಿ ಇವು ಪ್ರಶ್ನೆಗೆ ಉತ್ತರಗಳು. ಐದು ಬೆರಳು, ಎರಡು ಕಿವಿ, ಮೂಗಿನ ಕೆಳಗೆ ಬಾಯಿ ಇವು ಮನೆತನದ ಗುರುತುಗಳು. ಉತ್ತರ ಹೊಂದಬಹುದು, ಗುರುತು ಹೊಂದಲಾರದು. ಇದನ್ನು ಚೆನ್ನಾಗಿ ಬಲ್ಲವರು ಕಥೆಗಾರರಲ್ಲೂ ಇದ್ದಾರೆ. ಖಗೋಳ ವಿಜ್ಞಾನಿ ಹಾಯ್ಲ್ ಅವರೇ 1957ರಲ್ಲಿ ಬರೆದ ‘ದಿ ಬ್ಲ್ಯಾಕ್ ಕ್ಲೌಡ್’ ಕಾದಂಬರಿಯಲ್ಲಿ ಬುದ್ಧಿಜೀವಿಯಾಗಿ ಬರುವುದು ಅನಿಲ ಧೂಳುಗಳ ಒಂದು ಮಹಾ ಮೋಡ. ಗ್ರಹದ ನೆಲದ ಮೇಲೆ ಬುದ್ಧಿವಂತರಿರುವುದನ್ನು ಕಂಡು ಆಶ್ಚರ್ಯಪಡುವುದು ಆ ಮೋಡವೇ. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅವರ ‘ಸೊಲಾರಿಸ್’ (1961) ಇನ್ನೂ ಕಠಿಣ. ಅಲ್ಲಿ ಇಡೀ ಗ್ರಹವನ್ನು ಮುಚ್ಚಿದ ಸಮುದ್ರವೇ ಒಂದು ಜೀವಿ. ವಿಜ್ಞಾನಿಗಳು ತಲೆಮಾರುಗಳ ಕಾಲ ಅಧ್ಯಯನ ನಡೆಸಿ ಗ್ರಂಥಾಲಯ ತುಂಬ ಪುಸ್ತಕ ಬರೆದರೂ ಅದರ ಮನಸ್ಸು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ 1962ರಲ್ಲಿ ಮಕ್ಕಳಿಗೆಂದು ಬರೆದ ‘ಬಂಕುಬಾಬುರ್ ಬಂಧು’ ಕಥೆಯಲ್ಲಿ ಹಳ್ಳಿಯ ಬಡ ಮೇಷ್ಟರೊಬ್ಬರ ಮುಂದೆ ಬಂದಿಳಿಯುವವನು ಮನುಷ್ಯನಂತಿದ್ದೂ ಮನುಷ್ಯನಲ್ಲ. ಎಲ್ಲರೂ ಗೇಲಿ ಮಾಡುತ್ತಿದ್ದ ಆ ಮೇಷ್ಟರಿಗೆ ಅವನಿಂದ ಸಿಗುವುದು ತಲೆಯೆತ್ತಿ ನಿಲ್ಲುವ ಧೈರ್ಯ. ಆ ಕಥೆಯಲ್ಲಿ ಡಿ.ಎನ್.ಎ. ಕೇಳುವುದು ಅರಸಿಕತನ.

ಮರಿಮಕ್ಕಳ ಸರದಿ

ವೆಲ್ಸ್ ಅವರ ಮೊದಲ ಊಹೆ, ಅಂದರೆ ಅವರು ನಮ್ಮ ಮುಂದಿನ ಪೀಳಿಗೆ ಎನ್ನುವುದು, ವಿಜ್ಞಾನಕ್ಕೆ ಅಷ್ಟಾಗಿ ಮುಜುಗರ ತರುವುದಿಲ್ಲ. ಓಲಾಫ್ ಸ್ಟೇಪಲ್ಡನ್ 1930ರಲ್ಲಿ ಬರೆದ ‘ಲಾಸ್ಟ್ ಅಂಡ್ ಫಸ್ಟ್ ಮೆನ್’ ಪುಸ್ತಕದಲ್ಲಿ 200 ಕೋಟಿ ವರ್ಷಗಳ ಅವಧಿಯಲ್ಲಿ ಮನುಷ್ಯರ 18 ಪ್ರಭೇದಗಳು ಬಂದುಹೋಗುತ್ತವೆ. ಒಂದಕ್ಕೆ ರೆಕ್ಕೆಗಳಿವೆ, ಕೊನೆಯದು ನೆಪ್ಚೂನಿನಲ್ಲಿ ಬಾಳುತ್ತದೆ. ಅವರಲ್ಲೊಬ್ಬ ಎದುರು ಬಂದರೆ ನಾವು ಅನ್ಯಗ್ರಹದವನೆಂದೇ ಓಡುತ್ತೇವೆ. ದೂರದ ನೆಲೆಗಳಲ್ಲಿ ಬೇರೆಬೇರೆಯಾಗಿ ಉಳಿದ ಗುಂಪುಗಳು ಕಾಲಕ್ರಮದಲ್ಲಿ ಬೇರೆ ಪ್ರಭೇದಗಳಾಗುವುದು ಡಾರ್ವಿನ್ ಗಾಲಪಗೋಸ್ ದ್ವೀಪಗಳಿಂದ ಕಲಿತ ಪಾಠವೇ. ನಮ್ಮ ಪ್ರಭೇದಕ್ಕೆ ಈಗ ಸುಮಾರು 3 ಲಕ್ಷ ವರ್ಷ. ಇನ್ನೂ ಎಳೆ ಪ್ರಾಯ.

2001ರ ‘ಎ.ಐ.’ ಸಿನಿಮಾದ ಕೊನೆಯಲ್ಲಿ ತೆಳ್ಳನೆಯ, ಹೊಳೆಯುವ, ಎತ್ತರದ ಜೀವಿಗಳು ಕಾಣಿಸಿಕೊಳ್ಳುತ್ತವೆ. ಬಹಳ ಮಂದಿ ಅವರನ್ನು ಅನ್ಯಗ್ರಹದವರೆಂದೇ ತಿಳಿದರು. ನಿಜವಾಗಿ ಅವು ಮನುಷ್ಯ ಅಳಿದ ಮೇಲೆ ಉಳಿದ ಯಂತ್ರಮಾನವರ ವಂಶ. ರಕ್ತ ನಮ್ಮದಲ್ಲ, ಮೂಲ ಮಾತ್ರ ನಮ್ಮದು. 2014ರ ‘ಇಂಟರ್‌ಸ್ಟೆಲ್ಲಾರ್’ ಸಿನಿಮಾದಲ್ಲೂ ಶನಿಗ್ರಹದ ಬಳಿ ದಾರಿ ತೆರೆದವರು ಯಾರೋ ಪರಕೀಯರೆಂದು ನಂಬಿದ ನಾಯಕನಿಗೆ, ಅವರು ಮುಂದಿನ ಕಾಲದ ಮನುಷ್ಯರೇ ಎಂದು ಹೊಳೆಯುತ್ತದೆ. ಇಲ್ಲಿ ಗಟ್ಟಿಯಾದ ಆಕ್ಷೇಪ ಜೀವಶಾಸ್ತ್ರದ್ದಲ್ಲ, ಕಾಲದಲ್ಲಿ ಹಿಂದಕ್ಕೆ ಬರುವುದು ಹೇಗೆಂಬ ಭೌತಶಾಸ್ತ್ರದ್ದು. ಅದು ಬೇರೆ ಮೇಷ್ಟರ ಪೀರಿಯಡ್ಡು.

ಮಂಗಳದ ಕೊಳವೆ

ಕೊನೆಗೆ ವೆಲ್ಸ್ ಅವರಿಗೆ ಹಾಕಿದ ಕೆಂಪುಗೆರೆಯನ್ನು ಸ್ವಲ್ಪ ಅಳಿಸಬೇಕಾಗಿದೆ. 1865ರ ಆಗಸ್ಟ್ 25ರಂದು ಬಿಹಾರದ ಶೆರ್ಗಾಟಿಯಲ್ಲಿ ಆಕಾಶದಿಂದ ಒಂದು ಕಲ್ಲು ಬಿತ್ತು. ಅದು ಮಂಗಳ ಗ್ರಹದ ಕಲ್ಲು ಎಂದು ವಿಜ್ಞಾನಿಗಳಿಗೆ ಖಚಿತವಾಗಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಮಂಗಳಕ್ಕೆ ದೊಡ್ಡ ಉಲ್ಕೆ ಬಡಿದಾಗ ಸಿಡಿದ ಬಂಡೆಯ ಚೂರುಗಳು ಹೀಗೆ ಭೂಮಿಯವರೆಗೆ ಬರುತ್ತವೆ. ಬಂದವುಗಳಲ್ಲಿ ಒಂದು ಬಗೆಗೆ ಶೆರ್ಗಾಟಿಯ ಹೆಸರೇ ಉಳಿದಿದೆ. ಕಲ್ಲು ಬರಬಹುದಾದರೆ, ಅದರ ಬಿರುಕಿನಲ್ಲಿ ಕುಳಿತ ಸೂಕ್ಷ್ಮಜೀವಿಯೂ ನೂರಾರು ಕೋಟಿ ವರ್ಷ ಹಿಂದೆ ಬಂದಿರಬಹುದಲ್ಲವೆ ಎಂದು ಕೇಳುವ ವಿಜ್ಞಾನಿಗಳಿದ್ದಾರೆ. ಹಾಗೇನಾದರೂ ನಡೆದಿದ್ದರೆ ಮಂಗಳದ ಜೀವಕ್ಕೂ ನಮಗೂ ಒಂದೇ ಮೂಲ, ಒಂದೇ ಲಿಪಿ, ಒಂದೇ ಎಡಗೈ. ಆಗ ಮಂಗಳವಾಸಿಯ ಮಾಂಸ ನಮ್ಮ ಬ್ಯಾಕ್ಟೀರಿಯಾಕ್ಕೆ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ.

ವೆಲ್ಸ್ ಅವರ ಕಾದಂಬರಿಯಲ್ಲಿ ಸತ್ತ ಮಂಗಳವಾಸಿಯೊಬ್ಬನ ದೇಹವನ್ನು ಮದ್ಯಸಾರದಲ್ಲಿ ಮುಳುಗಿಸಿ ಲಂಡನ್ನಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ಇಡುತ್ತಾರೆ. ಅದನ್ನು ಕೊಯ್ದು ನೋಡಿದವರಿಗೆ ಆಕಾರ ತಿಳಿಯಿತು, ನೆಂಟಸ್ತನ ತಿಳಿಯಲಿಲ್ಲ. ತಿಳಿಯುವ ಉಪಾಯ ಆಗಿರಲಿಲ್ಲ. ಈಗ ಉಪಾಯವಿದೆ, ದೇಹವಿಲ್ಲ. 2021ರಲ್ಲಿ ಮಂಗಳಕ್ಕಿಳಿದ ಪರ್ಸಿವಿಯರೆನ್ಸ್ ಎಂಬ ಸಂಚಾರಿ ಯಂತ್ರ 2024ರ ಜುಲೈನಲ್ಲಿ, ಹಿಂದೆ ನೀರು ಹರಿದಿದ್ದ ಕಣಿವೆಯೊಂದರ ಕೆಂಪು ಬಂಡೆಯನ್ನು ಕೊರೆಯಿತು. ಆ ಬಂಡೆಯ ಮೇಲೆ ಚಿರತೆಯ ಮೈಮೇಲಿನಂಥ ಚುಕ್ಕೆಗಳಿದ್ದವು. ಭೂಮಿಯಲ್ಲಿ ಇಂಥ ಖನಿಜಗಳು ಹಲವು ಸಲ ಸೂಕ್ಷ್ಮಜೀವಿಗಳ ಕೆಲಸದಿಂದ ಉಂಟಾಗುತ್ತವೆ, ಜೀವವಿಲ್ಲದೆಯೂ ಉಂಟಾಗಬಹುದು. ಜೀವದ ಸಂಭಾವ್ಯ ಕುರುಹು ಎಂದಷ್ಟೇ 2025ರ ಸೆಪ್ಟೆಂಬರಿನಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸೀಸದ ಕಡ್ಡಿಗಿಂತ ಸ್ವಲ್ಪ ದಪ್ಪನೆಯ ಆ ಕಲ್ಲಿನ ತುಂಡು ಮುಚ್ಚಿದ ಕೊಳವೆಯೊಳಗೆ ಮಂಗಳದಲ್ಲೇ ಇದೆ.